ಹಿಂದೆ ಬೀಳುತ್ತಿದ್ದ ಗಡಿಯಾರ

ಕಳೆದ ತಿಂಗಳು ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಹೊರಟಿದ್ದೆ. ಉಸಿರಾಡಲೂ ಜಾಗವಿಲ್ಲದಷ್ಟು ಮಂದಿ. ಪಕ್ಕದಲ್ಲಿದ್ದ ಮುದುಕರೊಬ್ಬರು ಮೇಲಿನ ಸರಳು ಹಿಡಿಯಲು ಕೈ ಎತ್ತಿದರು ನೋಡಿ, ಅವರ ಕೈಗಡಿಯಾರದ ಚರ್ಮದ ಪಟ್ಟಿ ಸರಿಯಾಗಿ ನನ್ನ ಮೂಗಿನ ಹತ್ತಿರ ಬಂತು. ಹಳೆಯ ಬೆವರು, ಚರ್ಮ, ಎಲ್ಲೋ ಒಂದಿಷ್ಟು ಕೊಬ್ಬರಿ ಎಣ್ಣೆ. ಬೇರೆ ಯಾರಾದರೂ ಮುಖ ತಿರುಗಿಸುತ್ತಿದ್ದರು. ನಾನು ಮಾತ್ರ, ನಾಚಿಕೆ ಬಿಟ್ಟು ಹೇಳುತ್ತೇನೆ, ಇನ್ನಷ್ಟು ಹತ್ತಿರ ಸರಿದು ಮೂಸಿದೆ. ಅದು ನಮ್ಮ ದೊಡ್ಡಪ್ಪನ ಕೈಯ ವಾಸನೆ. ಆ ಕೈ ಹೋಗಿ ಎಷ್ಟೋ ವರ್ಷವಾಯಿತು. ಮನೆಯೂ ಹೋಯಿತು; ಅದು ಇದ್ದ ಜಾಗದಲ್ಲಿ ಈಗ ದ್ರಾಕ್ಷಿ ಬಳ್ಳಿಗೆ ಹೊಡೆಯುವ ಔಷಧದ ಅಂಗಡಿ ಇದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಎದುರು ಸಿಕ್ಕಾಗ ದಯವಿಟ್ಟು ಮುಖ ತಿರುಗಿಸಬೇಡಿ.

ತಿಕೋಟಾದ ಆ ಮನೆಯಲ್ಲಿ ದೊಡ್ಡಪ್ಪ, ದೊಡ್ಡವ್ವ, ನಮ್ಮಪ್ಪ, ಅವ್ವ, ಮತ್ತೆ ಮನೆಗೆ ಒಬ್ಬಳೇ ಮಗುವಾದ ನಾನು. ದೊಡ್ಡಪ್ಪ ಬಬಲೇಶ್ವರದ ಶಾಲೆಯೊಂದರಲ್ಲಿ ಗಣಿತದ ಮಾಸ್ತರರಾಗಿದ್ದರು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಪಟದ ಕೆಳಗೆ ರೇಡಿಯೋ, ರೇಡಿಯೋದ ಪಕ್ಕ ಗೋಡೆಯೊಳಗಿನ ಸಣ್ಣ ಗೂಡು. ಆ ಮನೆಯಲ್ಲಿ ದೃಷ್ಟಿ ತೆಗೆಯುವಂತಿಲ್ಲ, ಅಮಾವಾಸ್ಯೆ ಎಂದು ಹೊಸ ಅಂಗಿ ಬಚ್ಚಿಡುವಂತಿಲ್ಲ, ಬೆಕ್ಕು ಅಡ್ಡ ಬಂತು ಎಂದು ನಿಂತರೆ ದೊಡ್ಡಪ್ಪನ ಬೈಗುಳ ಓಣಿಯ ತುದಿಗೆ ಕೇಳಿಸುತ್ತಿತ್ತು. "ಬುದ್ಧನ ಮುಂದ ಕುಂತ ಇಂಥಾ ಮಾತ ಆಡತೀರಲ್ಲ, ನಿಮಗ ಬುದ್ಧಿ ಬರೂದ್ಯಾವಾಗ?" ಅನ್ನುವರು. ಇಷ್ಟೆಲ್ಲ ಅನ್ನುವ ಮನುಷ್ಯ ದಿನಾ ಬೆಳಗ್ಗೆ ರೇಡಿಯೋದ ಮುಂದೆ ಮಾತ್ರ ಮೊಣಕಾಲೂರಿ ಕೂರುತ್ತಿದ್ದರು. ವಾರ್ತೆ ಶುರುವಾಗುವ ಮುಂಚೆ ಪೀಂ ಪೀಂ ಎಂದು ಸಮಯ ಬಡಿಯುತ್ತಿತ್ತಲ್ಲ, ಅದಕ್ಕಾಗಿ. ಆಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲಬೇಕು, ನಾನು ಕೆಮ್ಮಬಾರದು. ಕಡೆಯ ಪೀಂ ಮುಗಿಯುವುದಕ್ಕೂ ಅವರ ಬೆರಳು ಕೈಗಡಿಯಾರದ ಚಾವಿಯ ಗುಂಡಿಯನ್ನು ಟಕ್ಕೆಂದು ಒಳಗೆ ಒತ್ತುವುದಕ್ಕೂ ಸರಿಹೋದರೆ ಮುಖದ ಮೇಲೆ ಎಂಥ ತೃಪ್ತಿ ಅಂತೀರಿ! ಆಮೇಲೆ ಚಾವಿ ಕೊಟ್ಟು, ಗಡಿಯಾರವನ್ನು ಗೂಡಿನಲ್ಲಿಟ್ಟು ಬಚ್ಚಲಿಗೆ ಹೋಗುವರು.

ಆದರೆ ಇದು ಮೊದಲಿನಿಂದ ಇದ್ದ ಹುಚ್ಚಲ್ಲ. ಅಪ್ಪ ಹೋದ ಮೇಲೆ ಹಿಡಿದದ್ದು. ಆ ಬೇಸಿಗೆಯಲ್ಲಿ ಗಡಿಯಾರ ಅವಸರ ಮಾಡುತ್ತಿತ್ತು. ಸಂತೆಗೆಂದು ಪಟ್ಟಣಕ್ಕೆ ಹೋದಾಗ ದೊಡ್ಡಪ್ಪ ಅದನ್ನು ಸ್ಟೇಷನ್ ರಸ್ತೆಯ ರಿಪೇರಿ ಬಾಬುಮಿಯಾನ ಮುಂದೆ ಇಟ್ಟರು. ದೊಡ್ಡವ್ವ ಜೊತೆಗೇ ನಿಂತಿದ್ದಳು. ಬಾಬುಮಿಯಾ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಮುಂದ ಹೋಗಾಕತ್ತೈತ್ರಿ ಸರ. ಬಿಟ್ಟ ಹೋಗ್ರಿ, ಹಿಂದಕ್ಕ ತಂದ ಕೊಡತೀನಿ" ಎಂದ. ದೊಡ್ಡಪ್ಪ ಬಿಡಲಿಲ್ಲ, ಬರುವ ವಾರ ನೋಡೋಣ ಎಂದು ತಂದುಬಿಟ್ಟರು. ಮರುದಿನ ಅಪ್ಪ ಕನಮಡಿಗೆ ಹೊರಟಿದ್ದ. ಯಾವತ್ತೂ ಬಸ್ಸು ತಪ್ಪಿಸಿಕೊಳ್ಳುವ ಆಸಾಮಿ ಅವನು. ದೊಡ್ಡಪ್ಪ ನಗುತ್ತ ಗಡಿಯಾರ ಬಿಚ್ಚಿ ಅವನ ಕೈಗೆ ಕಟ್ಟಿದರು: "ತಗೋ ಲೇ, ನೀ ಎಲ್ಲಾದಕ್ಕೂ ತಡಾ. ಇದು ಮುಂದ ಹೋಗತೈತಿ. ಇಬ್ಬರಿಗೂ ಬರೋಬ್ಬರಿ ಆಗತೈತಿ." ಅಪ್ಪ ಕನಮಡಿಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಎದೆ ನಿಂತಿತ್ತು. ಸಂಜೆ ಅವನನ್ನು ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಅವನ ಕೈಯಲ್ಲಿ ಗಡಿಯಾರ ಓಡುತ್ತಲೇ ಇತ್ತು. ನಾನು ಅವನ ತೋಳಿಗೆ ಕಿವಿ ಇಟ್ಟು ಮಲಗಿದ್ದೆನಂತೆ. ಅಪ್ಪನ ಒಳಗೆ ಸದ್ದು ಬರುತ್ತಿದೆ ಎಂದು ಎಲ್ಲರಿಗೂ ಹೇಳಿದೆನಂತೆ. ಅವ್ವ ಇರುವ ತನಕ ಈ ಮಾತನ್ನು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದಳು.

ನಮ್ಮ ಕಡೆ ಸತ್ತರು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಮುಂದ ಹೋದರು ಎನ್ನುತ್ತೇವೆ. ಮಾತಾಡಿಸಲು ಬಂದ ಹೆಂಗಸರೆಲ್ಲ ದೊಡ್ಡವ್ವನ ಕೊರಳು ತಬ್ಬಿ ಅದನ್ನೇ ಹೇಳಿ ಅತ್ತರು: "ಸಣ್ಣಾವ ಮುಂದ ಹೋದ್ನಲ್ಲವ್ವಾ, ದೊಡ್ಡಾವ ಹಿಂದ ಉಳದ್ನಲ್ಲವ್ವಾ!" ದೊಡ್ಡವ್ವನ ಅಳು ಅಲ್ಲಿಗೆ ಗಕ್ಕನೆ ನಿಂತಿತು. ಅವಳ ತಲೆಯಲ್ಲಿ ಬಾಬುಮಿಯಾನ ಮಾತೂ ಈ ಮಾತೂ ಗಂಟುಬಿದ್ದವು. ಆ ಗಂಟು ಆಮೇಲೆ ಬಿಚ್ಚಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಗಡಿಯಾರ 'ಮುಂದೆ ಇದೆ' ಎನ್ನುವಂತಿರಲಿಲ್ಲ. ಯಾರಾದರೂ ಅಂದರೆ ದೊಡ್ಡವ್ವ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕುತ್ತಿದ್ದಳು. ದೊಡ್ಡಪ್ಪನದು ಇನ್ನೊಂದು ದಾರಿ. ತಪ್ಪು ಸಮಯ ತೋರಿಸುವ ಗಡಿಯಾರವನ್ನು ತಮ್ಮನ ಕೈಗೆ ಕಟ್ಟಿದೆ ಎನ್ನುವುದು ಅವರನ್ನು ಒಳಗೇ ಕೊರೆಯುತ್ತಿತ್ತು. ಬಾಬುಮಿಯಾನಿಂದ ಅದನ್ನು ಸರಿಮಾಡಿಸಿ, ಇನ್ನು ಅದು ಒಂದು ಸೆಕೆಂಡೂ ಆಚೀಚೆ ಆಗಕೂಡದು ಎಂದು ಹಟ ಹಿಡಿದರು.

ಆಗ ಶುರುವಾಯಿತು ನೋಡಿ, ಆ ವಿಚಿತ್ರ. ಬೆಳಗ್ಗೆ ಪೀಂಗೆ ಸರಿಯಾಗಿ ಕೂರಿಸಿದ ಗಡಿಯಾರ ಸಂಜೆಯ ವಾರ್ತೆಯ ಹೊತ್ತಿಗೆ ಹಿಂದೆ ಬಿದ್ದಿರುತ್ತಿತ್ತು. ದಿನಾ. ದೊಡ್ಡಪ್ಪ ಅದನ್ನು ಬಾಬುಮಿಯಾನ ಹತ್ತಿರ ವಾರಗಟ್ಟಲೆ ಬಿಟ್ಟರು. ಅಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮನೆಗೆ ತಂದರೆ ಮತ್ತೆ ಹಿಂದೆ. ಬಾಬುಮಿಯಾ ತಲೆ ಕೆರೆದುಕೊಂಡು, "ನನ್ನ ಅಂಗಡ್ಯಾಗ ಬೇಷ್ ಓಡತೈತ್ರಿ. ತಪ್ಪ ತಿಳ್ಕೋಬ್ಯಾಡ್ರಿ ಸರ, ನಿಮ್ಮ ಮನ್ಯಾಗ ಏನೋ ಐತಿ" ಎಂದ. ದೊಡ್ಡಪ್ಪ ಅವನ ಮೇಲೆ ಹರಿಹಾಯ್ದು ಬಂದರು. ಆದರೆ ಆ ಮಾತು ಅವರ ಬೆನ್ನು ಹತ್ತಿ ಮನೆಗೆ ಬಂದಿತ್ತು. ರಜೆಯ ಮಧ್ಯಾಹ್ನ, ಹೊರಗೆ ಬಿಸಿಲು ಬಿಳಿಯಾಗಿ ಉರಿಯುತ್ತ ಓಣಿಯಲ್ಲಿ ಒಂದು ನಾಯಿಯೂ ಇಲ್ಲದಾಗ, ಅವರು ಪಡಸಾಲೆಯಲ್ಲಿ ಅಲುಗಾಡದೆ ಕೂತು ಗಡಿಯಾರವನ್ನೇ ನೋಡುತ್ತಿದ್ದರು. ಎಡಗೈಯಲ್ಲಿ ಗಡಿಯಾರ, ಬಲಗೈಯ ಬೆರಳು ತಮ್ಮದೇ ನಾಡಿಯ ಮೇಲೆ. ಒಂದು ದಿನ ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಅಂಗಡ್ಯಾಗ ಸರಿ ಓಡೂದು ನನ್ನ ಕೈಯಾಗ ಯಾಕ ಹಿಂದ ಬೀಳತೈತಿ ಹೇಳ ನೋಡೂಣು? ನನ್ನ ರಗತನ ನಿಧಾನ ಆಗಾಕತ್ತೇತೇನವಾ?" ಬೆಕ್ಕಿಗೆ ಹೆದರದ ಮನುಷ್ಯನ ಕಣ್ಣಿನಲ್ಲಿ ಆ ಹೆದರಿಕೆ ನೋಡಿದ ಮೇಲೆ, ಮನೆಯಲ್ಲಿ ಗೂಡಿನ ಕಡೆ ಬೆನ್ನು ಹಾಕಿ ಕೂರುವುದನ್ನೇ ನಾನು ಬಿಟ್ಟೆ.

ಒಮ್ಮೆ ಜ್ವರವೆಂದು ಶಾಲೆಗೆ ಹೋಗದೆ ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಬಚ್ಚಲಿನಲ್ಲಿ ದೊಡ್ಡಪ್ಪ ನೀರು ಹೊಯ್ದುಕೊಳ್ಳುವ ಸದ್ದು. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಗೂಡಿನಿಂದ ಗಡಿಯಾರ ತೆಗೆದಳು, ಉಗುರಿನಿಂದ ಗುಂಡಿ ಎಳೆದು ಮುಳ್ಳನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ಇಟ್ಟಳು. ರೊಟ್ಟಿಗೆ ಉಪ್ಪು ಹಾಕುವಷ್ಟು ಸಲೀಸಾಗಿ. ತಿರುಗಿದವಳು ನನ್ನ ಕಣ್ಣು ನೋಡಿ ಸ್ವಲ್ಪವೂ ಗಾಬರಿಯಾಗಲಿಲ್ಲ. "ಗಪ್ ಇರು" ಎಂದಳು. "ಒಬ್ಬಾಂವ ಮುಂದ ಹೋದದ್ದ ಸಾಕು. ಇಂವ ಎಲ್ಲಾರಕಿಂತ ಒಂದೀಟ ಹಿಂದ ಇರ್ಲಿ." ನಾನು, ಪಾಪ, ದೊಡ್ಡಪ್ಪ ಎಷ್ಟು ಹೆದರಿದ್ದಾರೆ ಎಂದೆ. "ಹೆದರ್ಲಿ ಬಿಡ. ಹೆದರಿದಾಂವ ಜ್ವಾಕಿ ಇರ್ತಾನ" ಎಂದು ಒಲೆಯ ಕಡೆ ಹೋದಳು. ನನಗೆ ನಗು ಬಂತು. ಅಷ್ಟು ದಿನದ ದೆವ್ವ ಒಂದೇ ಕ್ಷಣದಲ್ಲಿ ನಮ್ಮ ದೊಡ್ಡವ್ವನಾಗಿಬಿಟ್ಟಿತ್ತು, ನಗದೆ ಏನು ಮಾಡಲಿ? ಅವಳ ಮೇಲೆ ಪ್ರೀತಿ ಉಕ್ಕಿತು. ನಾನಂತೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಇಬ್ಬರ ಜಗ್ಗಾಟ ವರ್ಷಗಟ್ಟಲೆ ನಡೆಯಿತು. ದೊಡ್ಡಪ್ಪ ಗಡಿಯಾರದ ಬೆನ್ನು ಬಿಚ್ಚುವುದನ್ನು ಕಲಿತರು. ಒಳಗೆ ವೇಗ ಹೆಚ್ಚು ಕಡಿಮೆ ಮಾಡುವ ಸಣ್ಣ ಕಡ್ಡಿಯೊಂದು ಇರುತ್ತದೆ. ಅದನ್ನು ಗುಂಡುಸೂಜಿಯಿಂದ ವೇಗದ ಕಡೆಗೆ ತಳ್ಳುವರು. ನಾಲ್ಕು ದಿನ ಸಂಜೆ ಸಮಯ ಸರಿಹೋಗುವುದು, "ಹಿಡದೆ ನೋಡ!" ಎಂದು ಕುಣಿಯುವರು. ಅದು ಕಿವಿಗೆ ಬಿದ್ದದ್ದೇ ದೊಡ್ಡವ್ವ ಮರುದಿನ ಮುಳ್ಳನ್ನು ಇನ್ನಷ್ಟು ಹಿಂದಕ್ಕೆ ತಿರುಗಿಸುವಳು. ಹೀಗೆ ತಳ್ಳಿ ತಳ್ಳಿ ಕಡ್ಡಿ ಕೊನೆಗೆ ಹೋಗಿ ನಿಂತಿತು. ಅದರಾಚೆ ತಳ್ಳಲು ಜಾಗವಿರಲಿಲ್ಲ.

ದೊಡ್ಡವ್ವನಿಗೆ ಕಾಮಾಲೆಯಾಯಿತು. ಪಟ್ಟಣದ ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿಂದ ಅವಳು ನಡೆದು ಬರಲಿಲ್ಲ. ಮಣ್ಣು ಮಾಡಿ ಬಂದು, ಬೌದ್ಧ ಭಿಕ್ಷು ಭಂತೇಜಿಯವರ ಪ್ರಾರ್ಥನೆಯೂ ಮುಗಿದು, ಮನೆ ಮೂವರದಾಯಿತು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ದೊಡ್ಡಪ್ಪ ಬಹಳ ದಿನಗಳ ಮೇಲೆ ರೇಡಿಯೋದ ಮುಂದೆ ಕೂತು ಗಡಿಯಾರದ ಸಮಯ ಕೂಡಿಸಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇನ್ನು ಹಿಂದಕ್ಕೆ ತಿರುಗಿಸುವವರಿಲ್ಲ, ಒಳಗೆ ಕಡ್ಡಿ ನೋಡಿದರೆ ವೇಗದ ತುದಿಯಲ್ಲಿ ಕೂತಿದೆ. ಸಂಜೆಯ ಹೊತ್ತಿಗೆ ಅದು ದಬದಬ ಮುಂದೆ ಓಡಿರುತ್ತದೆ, ಈ ಮನುಷ್ಯ ಅದನ್ನು ಹೇಗೆ ತಡೆದುಕೊಳ್ಳುತ್ತಾರೆ ಎಂದು. ಸಂಜೆ ಪೀಂ ಬಡಿಯಿತು. ದೊಡ್ಡಪ್ಪ ಕೈ ನೋಡಿಕೊಂಡು ಯಾವಾಗಿನ ಹಾಗೇ ನಿಟ್ಟುಸಿರಿಟ್ಟರು: "ಹಿಂದ ಐತಿ." ನನಗೆ ನಂಬಿಕೆಯಾಗದೆ ಹೋಗಿ ನೋಡಿದೆ. ಹಿಂದೆಯೇ ಇತ್ತು, ಅವಳು ದಿನಾ ಇಡುತ್ತಿದ್ದಷ್ಟೇ ಹಿಂದೆ.

ಅವ್ವನನ್ನು ಕೇಳಿದೆ. ನನಗ್ಯಾಕ ಬೇಕವ್ವಾ ಆ ಸುಡುಗಾಡ ಗಡಿಯಾರ, ಅದನ್ನ ಮುಟ್ಟಿದರ ನನ್ನ ಕೈ ಬಿದ್ದ ಹೋಗಲಿ, ಎಂದಳು. ಅವ್ವ ನಿಜವಾಗಿಯೂ ಅದನ್ನು ಮುಟ್ಟುತ್ತಿರಲಿಲ್ಲ. ಮರುದಿನ, ಅದರ ಮರುದಿನ, ದೊಡ್ಡಪ್ಪ ಬಚ್ಚಲಿನಲ್ಲಿರುವಾಗ ನಾನೇ ಗೂಡಿನ ಎದುರು ಕುಳಿತೆ. ಯಾರೂ ಬರಲಿಲ್ಲ. ಒಲೆಯ ಹತ್ತಿರ ಒಮ್ಮೆ ಬಳೆ ಸದ್ದಾದಂತೆ ಅನಿಸಿ ತಿರುಗಿ ನೋಡಿದೆ, ಅಷ್ಟೇ. ಅವ್ವ ಬಳೆ ಹಾಕುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಸಂಜೆ ನೋಡಿದರೆ ಗಡಿಯಾರ ಹಿಂದೆ. ಇನ್ನು ತಡೆಯಲಾಗದೆ ದೊಡ್ಡಪ್ಪನಿಗೆ ಎಲ್ಲ ಹೇಳಿಬಿಟ್ಟೆ: ನಿಮ್ಮ ರಕ್ತಕ್ಕೆ ಏನೂ ಆಗಿಲ್ಲ, ದೊಡ್ಡವ್ವನೇ ದಿನಾ ಮುಳ್ಳು ತಿರುಗಿಸುತ್ತಿದ್ದಳು, ನೀವು ಮುಂದೆ ಹೋಗಬಾರದು ಎಂದು. ಅತ್ತಾರೆಂದುಕೊಂಡೆ, ಅಥವಾ ಬುದ್ಧನ ಪಟ ತೋರಿಸಿ ಬೈದಾರೆಂದುಕೊಂಡೆ. ಅವರು ತೀರ ಸಣ್ಣ ದನಿಯಲ್ಲಿ ಕೇಳಿದರು: "ಹಂಗಾರ ಈಗ ಯಾರ ತಿರುವತಾರ?"

ಬಾಬುಮಿಯಾ ಎಣ್ಣೆ ಒಣಗಿದೆ ಎಂದ. ಇರಬಹುದು. ದೊಡ್ಡಪ್ಪ ಎಣ್ಣೆ ಹಾಕಿಸಲಿಲ್ಲ. ಮತ್ತೆಂದೂ ಕಡ್ಡಿ ಮುಟ್ಟಲಿಲ್ಲ, ಸಂಜೆ ಪೀಂಗೆ ಕಾಯಲೂ ಇಲ್ಲ. ನಾಡಿ ಹಿಡಿದು ಕೂರುವುದು ತಾನಾಗಿಯೇ ನಿಂತಿತು. ಬೆಳಗ್ಗೆ ಸಮಯ ಕೂಡಿಸಿ, ಗೂಡಿನಲ್ಲಿಟ್ಟು, ಬೇಕಂತಲೇ ತಡಮಾಡಿ ಸ್ನಾನ ಮಾಡುವರು. "ಆಕಿ ಇಟ್ಟಲ್ಲೇ ಇರತೀನಿ" ಎಂದು ಒಮ್ಮೆ ಅಂದರು, ನನಗಲ್ಲ, ಗೂಡಿಗೆ. ಊರಿಗಿಂತ ಒಂದಿಷ್ಟು ಹಿಂದೆಯೇ ಉಳಿದು, ತಮ್ಮ ಓರಗೆಯವರೆಲ್ಲ ಹೋದ ಮೇಲೂ ಗಟ್ಟಿಯಾಗಿದ್ದರು. ಅವ್ವನೂ ಹೋದಳು. ಆಮೇಲೊಂದು ಬೇಸಿಗೆ, ನಾನು ಊರಿಗೆ ಹೋಗಿದ್ದಾಗ, ಎಷ್ಟೋ ವರ್ಷಗಳ ನಂತರ ಅವರು ಸಂಜೆಯ ವಾರ್ತೆಗೆ ರೇಡಿಯೋ ಹಾಕಿದರು. ಪೀಂ ಬಡಿಯಿತು. ಗಡಿಯಾರ ಸರಿಯಾಗಿತ್ತು, ಸೆಕೆಂಡಿಗೆ ಸೆಕೆಂಡು. ದೊಡ್ಡಪ್ಪ ಅದನ್ನು ದಿಟ್ಟಿಸಿ ನೋಡಿದರು. "ಬಿಟ್ಟಾಳ" ಎಂದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಆ ವಾರ ಕಳೆಯುವುದರೊಳಗೆ ಅವರು ಮುಂದೆ ಹೋದರು.

ಗಡಿಯಾರ ಈಗ ವಿಜಯಪುರದಲ್ಲಿ ನನ್ನ ಮನೆಯಲ್ಲಿದೆ. ಬಾಬುಮಿಯಾನ ಮಗ ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಟ್ಟ. ಒಳಗಿನ ಕಡ್ಡಿ ವೇಗದ ತುದ್ಯಾಗ ತುಕ್ಕ ಹಿಡದ ಕುಂತೈತಿ ಅಕ್ಕಾರ, ಮುಟ್ಟಿದರ ಮುರೀತೈತಿ, ಎಂದ. ನಾನು ದಿನಾ ಬೆಳಗ್ಗೆ ಸಮಯ ಕೂಡಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಟ್ಟು ಸ್ನಾನಕ್ಕೆ ಹೋಗುತ್ತೇನೆ. ನಿಧಾನಕ್ಕೆ ನೀರು ಹೊಯ್ದುಕೊಳ್ಳುತ್ತೇನೆ, ಯಾರಿಗಾದರೂ ಒಂದಿಷ್ಟು ಹೊತ್ತು ಬೇಕಾದೀತು ಎಂದು. ನಗಬೇಡಿ. ಸಂಜೆ ನೋಡಿದರೆ ಅದು ಮುಂದೆ ಇರುತ್ತದೆ. ಇವತ್ತೂ ಮುಂದೆಯೇ ಇತ್ತು.