ಕಿನ್ನಿ ಕೇಳದೆ ಬಿಟ್ಟ ಮಾತು

ಕಿನ್ನಿ ಬಾಯಿ ಮುಚ್ಚಿಕೊಂಡದ್ದು ಇಡೀ ಜೀವಮಾನದಲ್ಲಿ ಒಂದೇ ಸಲ. ಕನ್ನಡ, ಮಲಯಾಳ ಎರಡೂ ನಡೆಯುವ ಉಪ್ಪಳದ ಆ ಒಳದಾರಿಯಲ್ಲಿ ಯಾರ ಮದುವೆ ನಿಂತಿತು, ಯಾರ ಮಗ ಗಲ್ಫಿನ ಕೆಲಸ ಬಿಟ್ಟು ಬಂದ ಎಂಬುದೆಲ್ಲ ಅವಳು ಬೀಡಿ ಕಟ್ಟುವ ಜಗಲಿಯಿಂದಲೇ ಊರಿಗೆ ಹರಡಬೇಕು. ಕೆಟ್ಟವಳಲ್ಲ ಪಾಪ, ಹೊಟ್ಟೆಯಲ್ಲಿ ಮಾತು ನಿಲ್ಲದವಳು, ಅಷ್ಟೆ. ಅಂಥವಳು ಬಾಯಿ ಮುಚ್ಚಿಕೊಂಡದ್ದರಿಂದ ಗಂಡನ ಕಾಲಿಗೇ ಕುತ್ತು ಬಂತು.

ಮೂವತ್ತು ದಾಟಿದವರನ್ನೆಲ್ಲ ಮನೆಗೇ ಬಂದು ಪರೀಕ್ಷೆ ಮಾಡುವ ಕ್ರಮ ಇಲ್ಲಿದೆ. ಒಳ್ಳೆಯ ಕ್ರಮವೇ, ಬೈಯುವಂಥದ್ದಲ್ಲ. ಹೊಸದಾಗಿ ಬಂದ ಆರೋಗ್ಯ ಕಾರ್ಯಕರ್ತೆ ಶೈಜಾ ಪಯ್ಯನ್ನೂರು ಕಡೆಯವಳು, ಕನ್ನಡ ಕಲಿಯುವ ಹುರುಪು ಬೇರೆ. ಎಲ್ಲರ ಹಾಗೆ ಶುಗರ್ ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಇಂಗ್ಲಿಷ್ ಬೇಡ, ತನ್ನ ಮಲಯಾಳದ ಪದ ಕನ್ನಡಕ್ಕೂ ಸಲ್ಲುತ್ತದೆ ಎಂದುಕೊಂಡಳು. ಕಿನ್ನಿಯ ಗಂಡ ಕೂಸಪ್ಪನ ರಕ್ತ ತೆಗೆದುಕೊಂಡು ಹೋಗಿದ್ದವಳು ಅದರ ಫಲ ಹೇಳಲು ಬಂದಾಗ ಅವನು ರಿಕ್ಷಾ ಓಡಿಸಲು ಹೋಗಿದ್ದ.

"ಚೇಚಿ, ಕೂಸಪ್ಪಣ್ಣನಿಗೆ ಪ್ರಮೇಹ ಉಂಟು. ಗುರುವಾರ ಆಸ್ಪತ್ರೆಗೆ ಬರ್ಲಿಕ್ಕೆ ಹೇಳಿ, ಮಾತ್ರೆ ಫ್ರೀ. ನೀವೂ ಒಮ್ಮೆ ಟೆಸ್ಟ್ ಮಾಡಿಸ್ಬೇಕು."

ಕಿನ್ನಿಯ ಕೈಯಲ್ಲಿದ್ದ ಬೀಡಿ ಎಲೆ ಹರಿಯಿತು. ಅವಳು ಕಂಡಿದ್ದ ಪ್ರಮೇಹ, ಬಸ್ ಸ್ಟ್ಯಾಂಡಿನ ಗೋಡೆಯ ಗುಪ್ತರೋಗದ ಪೋಸ್ಟರಿನದು, ದಾರಿ ತಪ್ಪಿದ ಗಂಡಸರಿಗೆ ತಗಲುವಂಥದ್ದು. ಹೆಂಡತಿಯೂ ಟೆಸ್ಟ್ ಮಾಡಿಸಬೇಕು ಎಂದ ಮೇಲೆ ಇನ್ನೆಂಥ ಸಂಶಯ? ಕೂಸಪ್ಪ ವರ್ಷಗಟ್ಟಲೆ ಗಲ್ಫಿನಲ್ಲಿ ಒಬ್ಬನೇ ಇದ್ದವನು.

ಊರಿಗೆ ಹೇಳಿದರೆ ಮಾನ ಹೋಗುತ್ತದೆ. ಗಂಡನನ್ನು ಕೇಳೋಣವೆಂದರೆ, ಅವನು ಹೌದು ಎಂದುಬಿಟ್ಟರೆ? ಆ ಹೆದರಿಕೆಗೇ ಅವಳು ಕೇಳಲಿಲ್ಲ. ಅವನ ಚಾಪೆ ಬೇರೆಯಾಯಿತು, ಲೋಟ ಬೇರೆಯಾಯಿತು. "ನಾನು ಎಂತ ಮಾಡಿದೆ ಮಾರಾಯ್ತಿ?" ಎಂದು ಕೇಳಿ ಕೇಳಿ ಕೂಸಪ್ಪ ಸೋತ. ಶೈಜಾ ವಿಚಾರಿಸಲು ಬಂದಾಗೆಲ್ಲ ಕಿನ್ನಿ, "ಮಂಗಳೂರಲ್ಲಿ ಮದ್ದು ಮಾಡ್ತಿದ್ದಾರೆ" ಎಂದು ಸಾಗಹಾಕಿದಳು. ಶೈಜಾ ನಂಬಿ, ಚಿಕಿತ್ಸೆ ನಡೆಯುತ್ತಿದೆ ಎಂದು ಮೊಬೈಲಿನಲ್ಲಿ ದಾಖಲಿಸಿದಳು.

ಮಳೆಗಾಲದಲ್ಲಿ ಕೂಸಪ್ಪನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಯಿತು. ಏನು ಹಚ್ಚಿದರೂ ಮಾಯದೆ ಬೆರಳು ಕಪ್ಪಗಾಗತೊಡಗಿತು. ಸಿಟ್ಟು ಎಷ್ಟಿದ್ದರೇನು, ಕಿನ್ನಿಗೆ ನೋಡಿಕೊಂಡಿರಲು ಆಗಲಿಲ್ಲ. ಗುರುವಾರ ಮುಖದ ಮೇಲೆ ಸೆರಗೆಳೆದುಕೊಂಡು, ಗಂಡನ ಹೆಸರಿನಲ್ಲಿ ಮಾತ್ರೆ ಕೇಳಲು ಆಸ್ಪತ್ರೆಗೆ ಹೋದಳು. ನೋಡಿದರೆ, ಸಾಲಿನ ತುದಿಯಲ್ಲಿ ಅವಳಿಗೆ ಅಕ್ಷರ ಕಲಿಸಿದ ಮೂಕಾಂಬಿಕಾ ಟೀಚರ್ ಕುಳಿತಿದ್ದಾರೆ!

"ಟೀಚರೇ, ಇದು ಪ್ರಮೇಹದ ಸಾಲು. ನೀವೆಂತ ಇಲ್ಲಿ?" ಎಂದು ಕಿನ್ನಿ ಪಿಸುಗುಟ್ಟಿದಳು.

"ನನಗೂ ಅದೇ ಉಂಟಲ್ಲ. ಶುಗರಿಗೆ ಮಲಯಾಳದಲ್ಲಿ ಹಾಗೆ ಹೇಳುವುದು."

ಕಿನ್ನಿ ಸಾಲು ಬಿಟ್ಟಳು. ಮಾತ್ರೆಯನ್ನೂ ಕೇಳದೆ ಮನೆಗೆ ಓಡಿದಳು. ಆ ದಿನವೇ ಕೂಸಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಹೆಬ್ಬೆರಳು ತೆಗೆಯಬೇಕಾಯಿತು, ಪುಣ್ಯಕ್ಕೆ ಪಾದ ಉಳಿಯಿತು. ಶುಗರ್ ಇರುವುದು ಈಗಷ್ಟೇ ಗೊತ್ತಾಯಿತು ಎಂದು ಕೂಸಪ್ಪ ನಂಬಿದ್ದ. ಕಿನ್ನಿ ಹಾಗೆಯೇ ನಂಬಲು ಬಿಟ್ಟಳು.

ಅವನು ಮನೆಗೆ ಬಂದು ತಿಂಗಳಾಗಿರಬಹುದು. ಯೋಜನೆ ಹೇಗೆ ನಡೆಯುತ್ತಿದೆ ಎಂದು ನೋಡಲು ಜಿಲ್ಲೆಯಿಂದ ಇಬ್ಬರು ಅಧಿಕಾರಿಗಳು ಶೈಜಾಳ ಜೊತೆ ಬಂದರು. ಅವರಲ್ಲಿ ಹಿರಿಯರು ಮೊಬೈಲ್ ನೋಡಿ, "ಕಳೆದ ವರ್ಷದಿಂದಲೇ ಚಿಕಿತ್ಸೆಯಲ್ಲಿದ್ದೀರಿ. ಆದರೂ ಹೀಗೆ ಯಾಕಾಯ್ತು?" ಎಂದರು.

"ಕಳೆದ ವರ್ಷವಾ?" ಕೂಸಪ್ಪ ಕಣ್ಣು ಬಿಟ್ಟ. "ನಾನು ಮಾತ್ರೆ ಕಂಡದ್ದೇ ಬೆರಳು ಹೋದ ಮೇಲೆ."

ಅಧಿಕಾರಿ ಶೈಜಾಳತ್ತ ತಿರುಗಿದರು. ಮನೆಗೇ ಬಾರದೆ ಸುಳ್ಳು ಬರೆದಿದ್ದಾಳೆ ಎಂದು ಆ ಹುಡುಗಿಯ ಕೆಲಸಕ್ಕೇ ಸಂಚಕಾರ ಬರುವುದು ಕಿನ್ನಿಗೆ ಕಂಡಿತು. ಸುಮ್ಮನಿದ್ದಿದ್ದರೆ ತಾನು ಪಾರಾಗುತ್ತಿದ್ದಳು.

"ಅವಳದ್ದು ತಪ್ಪಿಲ್ಲ. ಸುಳ್ಳು ಹೇಳಿದ್ದು ನಾನು," ಎಂದು ಅಂಗಳದಲ್ಲೇ, ಎಲ್ಲರ ಎದುರು, ಪ್ರಮೇಹದ ಕಥೆಯನ್ನು ಮೊದಲಿನಿಂದ ಹೇಳಿದಳು. ಶೈಜಾ ಬಾಯಿಗೆ ಕೈ ಹಿಡಿದು ನಿಂತಳು. ಅಧಿಕಾರಿಗಳಿಗೆ ಅದನ್ನು ಎಲ್ಲಿ ಬರೆದುಕೊಳ್ಳಬೇಕೆಂದು ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಕಿನ್ನಿ ಗಾಯದ ಪಟ್ಟಿ ಬದಲಾಯಿಸಲು ಗಂಡನ ಕಾಲ ಬುಡದಲ್ಲಿ ಕುಳಿತಳು. ಕೂಸಪ್ಪ ಕಾಲು ಹಿಂದಕ್ಕೆಳೆದುಕೊಂಡ.

"ಬೆರಳು ಹೋದದ್ದು ಹೋಯ್ತು. ಹೌದಾ ಅಲ್ವಾ ಅಂತ ನನ್ನತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ಹೌದು ಅಂತೀರೋ ಅಂತ ಹೆದರಿಕೆ ಆಯ್ತು," ಎಂದಳು ಕಿನ್ನಿ. ಅಳುವನ್ನು ಅವಳು ಅಡಗಿಸಲಿಲ್ಲ.

ಕೂಸಪ್ಪ ರಸ್ತೆಯತ್ತ ಮುಖ ತಿರುಗಿಸಿದ. ಆಮೇಲೆ, ಅವಳ ಮುಖ ನೋಡದೆ, ಕಾಲನ್ನು ಮೆಲ್ಲನೆ ಅವಳ ಮಡಿಲಿಗೆ ಚಾಚಿದ.