ತೆರೆಯದ ಪುಟ

ಜೋಗುಪಾಳ್ಯದ ಬ್ರೌಸಿಂಗ್ ಸೆಂಟರಿನಲ್ಲಿ ವೆಬ್‌ಸೈಟ್ ತೆರೆಯದಿದ್ದರೆ ಸೆಂಟರಿನ ಮಾಲೀಕರು ಮೊದಲು ಹೇಳುತ್ತಿದ್ದುದು ಒಂದೇ ಮಾತು: "ನಿಮ್ ತಪ್ಪಲ್ಲ ರೀ."

ಒಮ್ಮೆ ನನ್ನ ಪಕ್ಕದಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳು ತನ್ನ ನರ್ಸಿಂಗ್ ಪರೀಕ್ಷೆಯ ಫಲಿತಾಂಶ ನೋಡಲು ಚೀಟಿಯಲ್ಲಿದ್ದ ವಿಳಾಸವನ್ನು ಮತ್ತೆ ಮತ್ತೆ ಟೈಪ್ ಮಾಡಿ ಸೋತಿದ್ದಳು.

"ನಿಮ್ ತಪ್ಪಲ್ಲ ರೀ. ಈ ಹೊಸ ಕಂಪ್ಯೂಟರು ಹೊಸ ನಮೂನೆ ಅಡ್ರೆಸ್ಸಲ್ಲಿ ಹುಡುಕ್ತಿದೆ, ನಿಮ್ ಸೈಟು ಇನ್ನೂ ಹಳೇದ್ರಲ್ಲೇ ಇದೆ," ಎಂದು ಮಾಲೀಕರು ಬಂದು, ಸೆಟ್ಟಿಂಗಿನಲ್ಲಿ ಆ ಹೊಸ ನಮೂನೆಯ ಮುಂದಿದ್ದ ಟಿಕ್ ತೆಗೆದರು. ಪುಟ ತೆರೆದುಕೊಂಡಿತು. ಅವರು ಎಂದಿನಂತೆ ಬಾಗಿಲಾಚೆ ಹೋಗಿ ಬೆನ್ನು ತಿರುಗಿಸಿ ನಿಂತರು. ಇನ್ನೊಬ್ಬರ ಪುಟವನ್ನು ಅವರೆಂದೂ ಓದುತ್ತಿರಲಿಲ್ಲ.

"ಅಣ್ಣಾರ, ನೀವಾರ ಒಮ್ಮಿ ನೋಡ್ರಿ," ಎಂದು ಅವಳೇ ಕರೆದಳು.

ಬಂದು ನೋಡಿದರು. ಅವಳು ಫೇಲಾಗಿದ್ದಳು.

ಈ ಸಲ ಅವರು ತಮ್ಮ ಆ ಮಾತನ್ನು ಹೇಳಲಿಲ್ಲ. ಸ್ಟೂಲು ಎಳೆದುಕೊಂಡು, ಅವಳು ತಾನಾಗಿ ಏಳುವವರೆಗೂ ಪಕ್ಕದಲ್ಲಿ ಕುಳಿತಿದ್ದರು.