ಫಿನಾಯಿಲಕ್ಕ ರೈಲಿನ ಇಂಜಿನ್ ರಿಪೇರಿ ಕಲಿತದ್ದು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು ಆಕೆ. ಬೀದಿಯವರೆಲ್ಲ ಫಿನಾಯಿಲಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಆಕೆಗೂ ಅದರಿಂದ ಬೇಸರವಿರಲಿಲ್ಲ. ರಕ್ತ, ಕೀವು, ವಾಂತಿ ಹತ್ತಿದ ಹೊದಿಕೆಗಳನ್ನು ಅಷ್ಟು ವರ್ಷ ಮುಟ್ಟಿದವಳಿಗೆ ಹೇಸಿಗೆಯೇ ಸತ್ತುಹೋಗಿರಬೇಕು ಎಂದು ಜನ ತಿಳಿದಿದ್ದರು. ಆದದ್ದು ಅದರ ಉಲ್ಟಾ. ವರ್ಷ ಕಳೆದಷ್ಟೂ ಆಕೆಯ ಹೇಸಿಗೆ ಚೂಪಾಗುತ್ತಾ ಬಂದಿತ್ತು. ಬಸ್ಸಿನ ಕಂಬಿಗೆ ಕರವಸ್ತ್ರ ಸುತ್ತಿ ಹಿಡಿಯುತ್ತಿದ್ದಳು. ನೆಂಟರ ಮನೆಯಲ್ಲಿ ನೀರು ಕೊಟ್ಟರೆ ಲೋಟದ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಅದೂ ಕೊಟ್ಟವರ ಮುಂದೆಯೇ.

ಆಕೆ ನಿವೃತ್ತಿಯಾದ ವರ್ಷ ಚಿಕ್ಕಪ್ಪ ತೀರಿಕೊಂಡರು. ಮಕ್ಕಳಿಲ್ಲದ ಮನೆ. ಕಣ್ಣು ಪೂರ್ತಿ ಮಂಜಾಗಿದ್ದ ಚಿಕ್ಕಮ್ಮ ಒಬ್ಬರೇ ಉಳಿದರು. ಒಂದು ದಿನ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ತೋರಿಸಿ, "ಅದನ್ನ ಈಚೆ ಎಳಿ ಮಗಳೇ" ಎಂದರು.

ಒಳಗೆ ಚಿಕ್ಕಪ್ಪನ ಕರೆಂಟಿನ ಆಟದ ರೈಲಿತ್ತು. ಅವರು ಹುಡುಗನಾಗಿದ್ದಾಗ ಬಂದದ್ದು, ಎರಡು ಗೇಣುದ್ದದ ಕಬ್ಬಿಣದ ಇಂಜಿನ್ನು. ಅದನ್ನು ಎತ್ತಿದವಳ ಬೆರಳು ಅಂಟಿಕೊಂಡಿತು. ಹಳೇ ಗ್ರೀಸು ಕಿವಿಯ ಗುಗ್ಗೆಯ ಬಣ್ಣಕ್ಕೆ ತಿರುಗಿ, ಅದರ ಮೇಲೆ ಧೂಳು ಕೂತು, ಧೂಳಿನ ಮೇಲೆ ಜಿರಲೆಯ ಹಿಕ್ಕೆ ಕೂತಿತ್ತು. ಚಕ್ರದ ಅಚ್ಚಿಗೆ ಯಾರದೋ ಉದ್ದ ಕೂದಲು ಸುತ್ತಿಕೊಂಡಿತ್ತು. ಆಕೆ ತಟ್ಟನೆ ಕೆಳಗಿಟ್ಟು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು.

"ಚಿಕ್ಕಮ್ಮಾ, ಇದನ್ನ ಎಸೆದುಬಿಡ್ತೀನಿ."

"ಎಸೀಬೇಡ್ವೇ. ಒಂದ್ಸಲ ಓಡಿಸು, ಸಾಕು. ನನಗೆ ಕಾಣಲ್ಲ, ಕೇಳಿಸುತ್ತಲ್ಲ."

"ಇಪ್ಪತ್ತು ವರ್ಷದಿಂದ ಓಡಿಲ್ವಲ್ಲ ಇದು."

"ಮೋಟಾರ್ ಸುಟ್ಟಿದೆ ಅಂತ ರಿಪೇರಿಯವರು ಅಂದ್ರಂತೆ. ಅವತ್ತು ಇವರು ಊಟ ಮಾಡ್ಲಿಲ್ಲ. ಅರವತ್ತು ದಾಟಿದ ಗಂಡಸು, ಆಟದ ಸಾಮಾನಿಗೆ ಊಟ ಬಿಟ್ರು ನೋಡು."

ಪೇಟೆಯಲ್ಲಿ ಇಂಥದ್ದನ್ನು ನೋಡುವವನು ಒಬ್ಬನೇ ಇದ್ದ. ಜನ ಅವನನ್ನು ಗೊಂಬೆ ಡಾಕ್ಟರು ಎನ್ನುತ್ತಿದ್ದರು. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಅವನ ಅಂಗಡಿ. ಬಾಗಿಲಲ್ಲೇ ಹುಳಿ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಮೇಜಿನ ಮೇಲೆ ಬೂಷ್ಟು ಹಿಡಿದ ಚಹಾ ಲೋಟಗಳು, ತಲೆಯಿಲ್ಲದ ಗೊಂಬೆಗಳು, ಹೊಟ್ಟೆ ಬಗೆದ ಕಾರುಗಳು. ಡಾಕ್ಟರ ಹೆಗಲ ಮೇಲೆ ತಲೆಹೊಟ್ಟು, ಉಗುರಿನಲ್ಲಿ ಕಪ್ಪು. ಅವನು ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಅದೇ ಬೆರಳಿನಿಂದ ಇಂಜಿನ್ನಿನ ನೆತ್ತಿ ಉಜ್ಜಿ ನೋಡಿದ. ಆಕೆ ಮೂಗಿಗೆ ಸೆರಗು ಒತ್ತಿಕೊಂಡಳು.

"ಆಗುತ್ತಾ?"

"ಆಗುತ್ತೆ. ನನ್ನಿಂದಾಗಲ್ಲ." ಅವನು ಎರಡೂ ಕೈ ಚಾಚಿದ. ಎಲೆಗಳ ಹಾಗೆ ನಡುಗುತ್ತಿದ್ದವು. "ಹೋದ ವರ್ಷದಿಂದ ನಡುಕದ ಕಾಯಿಲೆ. ಕೈ ನಿಮ್ದು, ಬಾಯಿ ನಂದು. ಒಪ್ಪಿಗೆ ಇದ್ರೆ ಕೂತ್ಕೊಳ್ಳಿ ತಾಯಿ."

ಸ್ಟೂಲಿನ ಮೇಲೆ ಹಳೇ ಪೇಪರು ಹಾಸಿ, ಅದರ ಮೇಲೆ ತಾನು ತಂದಿದ್ದ ಟವೆಲು ಹಾಸಿ ಆಕೆ ಕೂತಳು.

ವಾರಕ್ಕೆ ಮೂರು ಬೆಳಿಗ್ಗೆ ಪಾಠ. ಮೊದಲ ದಿನ ಬರೀ ಕೂದಲು. ಚಿಮಟದಿಂದ ಒಂದೊಂದೇ ಎಳೆ ಬಿಡಿಸಬೇಕು, ಜಗ್ಗಿದರೆ ತುಂಡಾಗಿ ಒಳಗೇ ಉಳಿಯುತ್ತದೆ. ಎಳೆಯ ಜೊತೆ ಗ್ರೀಸಿನ ಗಂಟು, ಗಂಟಿನಲ್ಲಿ ಸತ್ತ ಇರುವೆ. ಎರಡನೇ ದಿನ ತಿರುಪುಗಳು. ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುವುದನ್ನು ಡಾಕ್ಟರು ಹೇಳಿಕೊಡುವ ಮೊದಲೇ ಆಕೆ ಮಾಡಿದ್ದಳು. ಸೀಮೆಎಣ್ಣೆಯಲ್ಲಿ ಚಕ್ರ ಅದ್ದಿದಾಗ ಕರಗಿ ಬಂದ ಕಂದು ನೀರನ್ನು ನೋಡಿ ಅವತ್ತು ಮನೆಯಲ್ಲಿ ಸಾರು ಸೇರಲಿಲ್ಲ. ಕೈಗೆ ಮೂರು ಸಲ ಸಾಬೂನು ಹಾಕಿದರೂ ಊಟದ ತಟ್ಟೆಯಲ್ಲಿ ಸೀಮೆಎಣ್ಣೆ ನಾರುತ್ತಿತ್ತು.

ಹಾಗಿದ್ದೂ ಹೋಗುತ್ತಿದ್ದಳು. ಗಲೀಜಿನ ಕೆಳಗೆ ಒಂದು ವ್ಯವಸ್ಥೆಯಿದೆ ಎಂಬುದು ಆಕೆಗೆ ಹಿಡಿಸಿತ್ತು. ಹಳಿಯಿಂದ ಬಂದ ಕರೆಂಟು ಹೊಟ್ಟೆಯ ಕೆಳಗಿನ ಉರುಳೆಯಿಂದ ಒಳಗೆ ಬರುತ್ತದೆ. ಒಳಗೆ ತಾಮ್ರದ ಸುರುಳಿ, ಅದರ ತುದಿಗೆ ತಿರುಗುವ ತಾಮ್ರದ ಬಿಲ್ಲೆ. ಆ ಬಿಲ್ಲೆಯನ್ನು ಎರಡು ಪುಟ್ಟ ಕಾರ್ಬನ್ ತುಂಡು ಸವರುತ್ತಿರಬೇಕು. ಬೆಂಕಿಕಡ್ಡಿಯ ತಲೆಯಷ್ಟಿರುವ ಅವನ್ನು ಹಿಂದಿನಿಂದ ಸ್ಪ್ರಿಂಗು ಒತ್ತುತ್ತಿರುತ್ತದೆ.

"ಒತ್ತಡ ಕಮ್ಮಿಯಾದ್ರೆ ಓಡಲ್ಲ. ಜಾಸ್ತಿಯಾದ್ರೆ ಬಿಲ್ಲೆ ಸವೆದು ಬಿಸಿಯಾಗುತ್ತೆ. ಗಂಡ ಹೆಂಡ್ತಿ ಇದ್ದ ಹಾಗಿರ್ಬೇಕು, ತಾಗ್ಬೇಕು, ಕೆರೀಬಾರ್ದು" ಎಂದು ಡಾಕ್ಟರು ಹಲ್ಲು ಬಿಟ್ಟ. ಆ ಹಲ್ಲುಗಳನ್ನು ನೋಡಬಾರದಿತ್ತು ಎಂದುಕೊಂಡಳು.

ನಾಲ್ಕನೇ ವಾರ ಸುರುಳಿಗೆ ಮೀಟರ್ ಹಿಡಿದು ನೋಡಿದರೆ ಎಲ್ಲ ಸರಿಯಾಗಿತ್ತು. ಮೋಟಾರು ಸುಟ್ಟಿರಲೇ ಇಲ್ಲ. ಕಾರ್ಬನ್ನಿನ ಮುಚ್ಚಳ ಬಿಚ್ಚಿದಳು. ಠಣ್ಣನೆ ಒಂದು ಸ್ಪ್ರಿಂಗು ಹಾರಿ ಬಿಳಿ ಬಟ್ಟೆಯ ಮೇಲೆ ಬಿತ್ತು. ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಸುತ್ತುಗಳ ನಡುವೆ ನೀಲಿ ಏನೋ ಒಣಗಿತ್ತು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಲ್ಲಿ ಒರೆಸಿದರೆ ಹತ್ತಿ ನೀಲಿಯಾಯಿತು.

"ಇಂಜಿನ್ ಒಳಗೆ ಪೆನ್ನಿನ ಇಂಕ್ ಯಾಕಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾಕ್ಟರ ಕೈ ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿಯ ಕಡೆ ಹೋಗಿ ಅದನ್ನು ಹಿಂದಕ್ಕೆ ಸರಿಸಿತು. ಆಕೆ ಡಬ್ಬಿಯಿಂದ ಒಂದು ಪೆನ್ನು ತೆಗೆದು ಒತ್ತಿದಳು. ಮೊನೆ ಹೊರಗೆ ಬಂತು, ವಾಪಸ್ ಹೋಗಲಿಲ್ಲ. ಇನ್ನೊಂದನ್ನೂ ಒತ್ತಿದಳು. ಅದರಲ್ಲೂ ಸ್ಪ್ರಿಂಗಿರಲಿಲ್ಲ.

"ನೀವೇನಾ?"

"ಇಂಜಿನ್ ನೋಡಿದ ದಿನವೇ ಗೊತ್ತಾಯ್ತು ತಾಯಿ. ನಿಮ್ಮ ಚಿಕ್ಕಪ್ಪ ಎಣ್ಣೆ ಹಾಕಿಸೋಕೆ ತಂದಿದ್ರು. ಆ ಸ್ಪ್ರಿಂಗ್ ಎಲ್ಲೂ ಸಿಗ್ತಿರ್ಲಿಲ್ಲ. ಇನ್ನೊಬ್ಬ ದೊಡ್ಡ ಗಿರಾಕಿ ಕಾಯ್ತಾ ಇದ್ದ. ತೆಗೆದು ಅವನದಕ್ಕೆ ಹಾಕ್ದೆ. ಪೆನ್ನಿಂದು ಜಾಸ್ತಿ ಒತ್ತುತ್ತೆ, ಆರು ತಿಂಗಳಲ್ಲಿ ಬಿಲ್ಲೆ ಕೆರೆದು ನಿಂತೋಯ್ತು. ಮತ್ತೆ ತಂದ್ರು. ಸುಟ್ಟಿದೆ ಅಂದೆ."

"ಅವರು ಏನಂದ್ರು?"

"ಥ್ಯಾಂಕ್ಸ್ ಅಂದ್ರು."

ಆಕೆ ಎದ್ದು ಸಂದಿಯಿಂದ ಹೊರಗೆ ಬಂದು ಚರಂಡಿಯ ಪಕ್ಕ ನಿಂತಳು. ಒಕರಿಕೆ ಬಂತು, ಏನೂ ಹೊರಬರಲಿಲ್ಲ. ಆಸ್ಪತ್ರೆಯ ಯಾವ ಮೂಟೆಯೂ ಆಕೆಗೆ ಹೀಗೆ ಮಾಡಿರಲಿಲ್ಲ. ಆ ಹೊಲಸೆಲ್ಲ ನೋವಿನಿಂದ ಬಂದದ್ದು, ಬಿಸಿನೀರಿಗೆ ಬಿಟ್ಟುಹೋಗುತ್ತಿತ್ತು.

ಹತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಆದರೆ ಇಂಜಿನ್ನು ನಲವತ್ತು ತುಂಡಾಗಿ ಅವನ ಮೇಜಿನ ಮೇಲೆಯೇ ಬಿದ್ದಿತ್ತು. ಜೋಡಿಸುವುದು ಆಕೆಗೆ ಗೊತ್ತಿರಲಿಲ್ಲ, ಗೊತ್ತಿದ್ದವನು ಊರಿಗೆಲ್ಲ ಅವನೊಬ್ಬನೇ. ಚಿಕ್ಕಮ್ಮ ದಿನಕ್ಕೆರಡು ಸಲ ಫೋನು ಮಾಡಿ, "ಎಲ್ಲಿಗೆ ಬಂತೇ ರೈಲು?" ಎನ್ನುತ್ತಿದ್ದರು. ಹನ್ನೊಂದನೇ ದಿನ ಹಲ್ಲು ಕಚ್ಚಿಕೊಂಡು ಹೋದಳು.

ಡಾಕ್ಟರು ಒಂದು ಕಾಗದದ ಪೊಟ್ಟಣ ಮುಂದಿಟ್ಟ. ಒಳಗೆ ಹಳೆಯ ಒರಿಜಿನಲ್ ಸ್ಪ್ರಿಂಗು, ಒಂದು ಜೊತೆ.

"ಇದು ನಮ್ಮ ಇಂಜಿನ್‌ದಾ?"

"ಅಲ್ಲ."

"ಮತ್ತೆ ಯಾರದ್ದು?"

ಅವನು ಗೋಡೆ ನೋಡಿದ. ಆಕೆ ಪೆನ್ನಿನ ತುದಿಯಿಂದ ಪೊಟ್ಟಣವನ್ನು ಅವನ ಕಡೆಗೇ ತಳ್ಳಿದಳು. "ಇನ್ನೊಬ್ಬರ ಮನೆಯ ಕಳುವು ನನಗೆ ಬೇಡ. ಹೊಸದು ಮಾಡೋದು ಹೇಗೆ, ಅದನ್ನ ಹೇಳಿ. ಬೇರೆ ಮಾತು ಬೇಡ."

ಅವನು ಹೇಳಿದ. ಗಿಟಾರಿನ ಅತಿ ಸಣ್ಣ ತಂತಿ ತಂದು ದಪ್ಪ ಸೂಜಿಗೆ ಸುತ್ತಬೇಕು. ಸುತ್ತಿದ ಮೇಲೆ ಬಿಟ್ಟರೆ ಅರಳುತ್ತದೆ, ಆ ಲೆಕ್ಕ ಮೊದಲೇ ಇಟ್ಟುಕೊಂಡು ಬಿಗಿಯಾಗಿ ಸುತ್ತಬೇಕು. ಮೊದಲನೆಯದು ಹಾರಿ ಎಲ್ಲೋ ಮಾಯವಾಯಿತು. ಎರಡನೆಯದು ಸೊಟ್ಟಗಾಯಿತು. ಮೂರನೆಯದರ ತುದಿ ಬೆರಳಿಗೆ ಚುಚ್ಚಿತು. ಆ ಅಂಗಡಿಯಲ್ಲಿ ಗಾಯವಾದದ್ದಕ್ಕೆ ಆಕೆ ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡಳು. ಎಂಟನೆಯದು, ಒಂಬತ್ತನೆಯದು ಒಂದು ಜೊತೆಯಾದವು. ಮಿಕ್ಸಿಯ ಕಾರ್ಬನ್ನು ಉಜ್ಜಿ ಅಳತೆಗೆ ತಂದಳು. ಕೆರೆದುಹೋಗಿದ್ದ ಬಿಲ್ಲೆಯನ್ನು ಸಣ್ಣ ಉಪ್ಪುಕಾಗದದಿಂದ ನಯ ಮಾಡಿ, ಸಂದಿಗಳಲ್ಲಿ ತುಂಬಿದ್ದ ಕರಿಯನ್ನು ಹಲ್ಲುಕಡ್ಡಿಯಿಂದ ಬಗೆದು ತೆಗೆದಳು. ಇಡೀ ಮೂರು ವಾರ ಅವರಿಬ್ಬರ ನಡುವೆ "ಇನ್ನೊಂಚೂರು", "ಸಾಕು", "ತಿರುಗಿಸಿ" ಎಂಬ ಮಾತು ಬಿಟ್ಟರೆ ಬೇರೆ ನಡೆಯಲಿಲ್ಲ.

ಅಂಗಡಿಯ ಹಳಿಯ ಮೇಲೆ ಇಂಜಿನ್ನು ಮೊದಲು ಗುಂಯ್ ಎಂದಿತು, ನಂತರ ಒಮ್ಮೆ ಜಗ್ಗಿ ಹೊರಟಿತು. ಡಾಕ್ಟರ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಆಕೆಗೆ ಇನ್ನಷ್ಟು ಹೇಸಿಗೆಯಾಯಿತು. ಅಳುವ ಹಕ್ಕು ಇವನಿಗೆ ಯಾರು ಕೊಟ್ಟರು?

"ಕ್ಷಮಿಸಿದ್ರಾ ತಾಯಿ?"

"ಇಲ್ಲ" ಎಂದು ಆಕೆ ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡಳು. "ಕಲಿಸಿದ್ದೀರ, ಅದನ್ನ ಇಲ್ಲ ಅನ್ನಲ್ಲ. ಕ್ಷಮಿಸಬೇಕಾದವರು ಸತ್ತೋಗಿದ್ದಾರೆ."

ಮಾರನೇ ಬೆಳಿಗ್ಗೆ ಚಿಕ್ಕಮ್ಮನ ಮನೆಯಲ್ಲಿ ಊಟದ ಮೇಜಿನ ಮೇಲೆ ಪೆಟ್ಟಿಗೆಯಲ್ಲಿದ್ದ ಹಳಿ ಜೋಡಿಸಿದಳು. ರೈಲು ಸುತ್ತು ಹಾಕತೊಡಗಿತು. ಚಿಕ್ಕಮ್ಮ ಮೇಜಿನ ಅಂಚಿಗೆ ಎರಡೂ ಅಂಗೈ ಒತ್ತಿ ಕೂತರು. ಮರದಿಂದ ಬರುವ ನಡುಕ ಅವರಿಗೆ ಬೇಕಿತ್ತು. ಹತ್ತು ಸುತ್ತು ಮುಗಿದ ಮೇಲೆ ಕೇಳಿದರು, "ಏನಾಗಿತ್ತೇ ಅದಕ್ಕೆ? ನಿಜವಾಗ್ಲೂ ಸುಟ್ಟಿತ್ತಾ?"

ಸುಳ್ಳು ಹೇಳೋಣವೆಂದು ಆಕೆಗೆ ಅನ್ನಿಸಿತು. ಹೇಳಲಿಲ್ಲ. ಎಲ್ಲವನ್ನೂ ಹೇಳಿದಳು, ಥ್ಯಾಂಕ್ಸ್ ಅಂದದ್ದನ್ನೂ.

ಚಿಕ್ಕಮ್ಮ ಅತ್ತರು, ಬೈದರು. ಇಷ್ಟು ವರ್ಷ ಬಾಯಿಗೆ ಬಾರದ ಬೈಗುಳಗಳು ಆ ಬೆಳಿಗ್ಗೆ ಸಾಲಾಗಿ ಬಂದವು. ಬೈದು ಬೈದು ಸುಸ್ತಾಗಿ, "ಇನ್ನೊಂದು ಸುತ್ತು ಹಾಕಿಸು" ಎಂದರು.

ಅಂದಿನಿಂದ ವಾರಕ್ಕೊಮ್ಮೆ ರೈಲು ಓಡುತ್ತದೆ. ಸುದ್ದಿ ಹಬ್ಬಿ, ಹಳೇ ಆಟಿಕೆ ಇರುವವರು ಈಗ ಫಿನಾಯಿಲಕ್ಕನ ಮನೆಗೇ ತರುತ್ತಾರೆ. ಆಕೆ ಚಿಮಟದಲ್ಲಿ ತೆಗೆದುಕೊಳ್ಳುತ್ತಾಳೆ, ಮೂಗು ಮುರಿಯುತ್ತಾಳೆ, "ಮನುಷ್ಯರು ಇಟ್ಕೊಳ್ಳೋ ರೀತೀನಾ ಇದು?" ಎಂದು ಗದರುತ್ತಾಳೆ. ಬಿಚ್ಚಿದ ಪ್ರತಿ ತುಂಡನ್ನೂ ತಂದವರ ಎದುರಿನಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟು ತೋರಿಸುತ್ತಾಳೆ. ಬೇಸತ್ತು ಎದ್ದು ಹೋಗಲು ನೋಡಿದವರನ್ನು, ಪೂರ್ತಿ ನೋಡಿದ ಮೇಲೆ ಹೋಗಿ ಎಂದು ಮತ್ತೆ ಕೂರಿಸುತ್ತಾಳೆ.